ಗ್ರಹಣ ಹಿಡಿದಾಗಲೇ ಅಮ್ಮ ಉಂಡರು

ಚಂದ್ರಗ್ರಹಣ ಹಿಡಿದಿರುವಾಗಲೇ ನಮ್ಮಮ್ಮ ತಟ್ಟೆ ಮುಂದೆ ಕೂತು ಮುದ್ದೆ ಮುರಿಯುತ್ತಿದ್ದರು. ಕಾಮಾಕ್ಷಿಪಾಳ್ಯದ ಲೇತ್ ಶಾಪಿನಿಂದ ಸಂಜೆ ಮನೆಗೆ ಬಂದ ನಾನು ಚಪ್ಪಲಿ ಬಿಡುವುದನ್ನೂ ಮರೆತು ಬಾಗಿಲಲ್ಲೇ ನಿಂತೆ. ಸಕ್ಕರೆ ಕಾಯಿಲೆಯಿದ್ದರೂ ಗ್ರಹಣದ ದಿನ ಪಾತ್ರೆಗಳ ಮೇಲೆ ದರ್ಭೆ ಇಟ್ಟು, ತೊಟ್ಟು ನೀರೂ ಮುಟ್ಟದೆ ಕೂರುವವರು ಅವರು. ಹೋದ ಸಲ ತಲೆಸುತ್ತಿ ಬಿದ್ದೂ ಇದ್ದರು.

“ಫೋನಲ್ಲಿ ಎಐ ಹತ್ರ ಅತ್ತೇನೇ ಮಾತಾಡಿದ್ರು ರೀ. ಅದು ಭೂಮಿ ನೆರಳು ಅಷ್ಟೇ ಅಂತು, ಒಪ್ಕೊಂಡ್ಬಿಟ್ರು,” ಎಂದಳು ನನ್ನ ಹೆಂಡತಿ.

ನನಗೆ ಮೈಯೆಲ್ಲ ಉರಿಯಿತು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಪೇಪರ್ ಓದಿ ಓದಿ ವಿಜ್ಞಾನ ಕಲಿತೆ. ಪ್ರತಿ ಗ್ರಹಣಕ್ಕೂ ಟಾರ್ಚು, ಚೆಂಡು, ನಿಂಬೆಹಣ್ಣು ಹಿಡಿದು ಇದೇ ನೆರಳನ್ನು ಅಮ್ಮನಿಗೆ ತೋರಿಸಿ ಗಂಟಲು ಹರಿದುಕೊಂಡಿದ್ದೇನೆ.

“ನಾನು ಹೇಳಿದ್ರೆ ಸುಳ್ಳು, ಫೋನ್ ಹೇಳಿದ್ರೆ ನಿಜಾನಾ ಅಮ್ಮಾ?”

“ನೀನು ಗೆಲ್ಲೋಕೆ ಹೇಳ್ತಿದ್ದೆ ಕಣೋ. ಅದು ನಾನು ಕೇಳಿದ್ದೇ ಕೇಳಿದ್ರೂ ರೇಗಲಿಲ್ಲ. ಕೈಕಾಲು ತೊಳ್ಕೊಂಡು ಬಾ, ಮುದ್ದೆ ಆರೋಗುತ್ತೆ.”

ಅಮ್ಮ ಉಂಡರಲ್ಲ, ಅಷ್ಟು ನೆಮ್ಮದಿ. ಆದರೂ ಆ ಫೋನ್ ಕಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಮೊನ್ನೆ ಮಳೆಬಿಲ್ಲಿನ ಬಗ್ಗೆ ಪೇಪರಿನಲ್ಲಿ ಓದಿದ್ದನ್ನು ಅಮ್ಮನಿಗೆ ಮೆಲ್ಲಗೆ ಹೇಳಿ, ಏನಾದರೂ ಕೇಳಲಿ ಎಂದು ಬಾಯಿ ಮುಚ್ಚಿ ಕಾದೆ. ಅವರು ಪೂರ್ತಿ ಕೇಳಿಸಿಕೊಂಡು, “ಸರಿಯಿರಬೋದು. ಇರು, ಫೋನ್‌ನ ಒಂದ್ಸಲ ಕೇಳ್ಬಿಡ್ತೀನಿ,” ಎಂದರು.