ಬಾಪನ ಸೀಲ್ ಚರ್ಮದ ಬೂಟು

ನಮ್ಮ ಸನಾಳಿಗೆ ಹಿಮದ ದೇಶದಲ್ಲಿ ಓದಲು ಸೀಟು ಸಿಕ್ಕಿತು. ದೋಹಾದ ಅಜೀಜಿಯಾದಲ್ಲಿರುವ ನಮ್ಮ ಬಿಲ್ಡಿಂಗಿನ ಎಲ್ಲ ಬಾಗಿಲಿಗೂ ನಾನೇ ಹೋಗಿ ಹೇಳಿ ಬಂದೆ. ಮೂರನೇ ಕ್ಲಾಸಿಗೇ ಓದು ಖಲಾಸ್ ಆದ ನನ್ನ ಮೊಮ್ಮಗಳು ಇನ್ನು ಐಸಿನ ಮೇಲೆ ನಡೆದು ಓದುವವಳು. ಇಷ್ಟು ಖುಷಿ ಪಡಬಾರದೇನೋ ಅನ್ನಿಸುವಷ್ಟು ಖುಷಿ.

ಅಲ್ಲಿಗೆ ಬೂಟು ಹುಡುಕುತ್ತಾ ಸನಾ ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. "ಅಜ್ಜೀ, ಇದು ಅಲ್ಲಿಯ ಓಲ್ಡ್ ಟೈಪ್. ಸೀಲ್ ಅಂತ ಐಸ್ ಕಡಲಿನ ಪ್ರಾಣಿ, ಅದರ ಸ್ಕಿನ್." ನನಗೆ ಫೋನಿನಿಂದಲೇ ಆ ವಾಸನೆ ಬಂತು.

ಆ ಕಾಲದ ದೋಹಾ ಕಂಡವರು ಈಗ ಕಡಿಮೆ. ಬಂದರಿನ ಹತ್ತಿರ ನಮ್ಮ ಮನೆ. ನೆಲ ಸುಡುವ ಬಿಸಿಲಲ್ಲಿ ನಾವು ಹುಡುಗಿಯರು ನೆರಳಿನಿಂದ ನೆರಳಿಗೆ ಹಾರುವ ಆಟ ಆಡುತ್ತಿದ್ದೆವು. ಅಂಥ ಊರಿನಲ್ಲಿ ನನ್ನ ಬಾಪನಿಗೆ ಚಳಿಯ ಕೆಲಸ. ಹಡಗಿನಲ್ಲಿ ಬಂದ ಮಾಂಸ ಇಡುವ ಕೋಲ್ಡ್ ಸ್ಟೋರಿನೊಳಗೆ ಇಡೀ ದಿನ. ಸಂಜೆ ಬಂದಾಗ ಕಾಲಿನ ಬೆರಳೆಲ್ಲ ಬಿಳಿಚಿರುತ್ತಿತ್ತು. ಉಮ್ಮ ಬಿಸಿ ಎಣ್ಣೆ ಉಜ್ಜುತ್ತಿದ್ದರು.

ಒಂದು ಬೇಸಿಗೆಯಲ್ಲಿ ಉತ್ತರದ ಕಡಲಿನಿಂದ ಬಂದ ಹಡಗಿನವನೊಬ್ಬ ಆ ಕಾಲು ನೋಡಿ, ತನ್ನ ತಾಯಿ ಹೊಲಿದ ಬೂಟು ತೆಗೆದು ಕೊಟ್ಟ. ಹೊರಗೆ ಚರ್ಮ, ಒಳಗೆ ರೋಮ, ಅಡಿಯಲ್ಲಿ ಒಣಹುಲ್ಲು. ಕೆಲವು ದಿನ ಬಾಪ ಬೆಚ್ಚಗಿದ್ದರು. ಮನೆಯೊಳಗೆ ಮಾತ್ರ ನಾತ.

"ಎಂತ ಪ್ರಾಣಿಯೋ ಏನೋ, ಕೊಳೆತ ಬಂಗುಡೆ ಹಾಗೆ ಉಂಟು. ನಮಾಜು ಮಾಡುವ ಮನೆ ಇದು" ಅಂದರು ಉಮ್ಮ.

"ಬಂಗುಡೆಗೆ ಕಾಲು ಬಂತು ಅಂತ ತಿಳ್ಕೊ ಮಾರಾಯ್ತಿ" ಅಂದರು ಬಾಪ.

ಶುಕ್ರವಾರ ಬಾಪ ಮಸೀದಿಗೆ ಹೋದಾಗ ಉಮ್ಮ ಬೂಟನ್ನು ಸೋಪು ಹಾಕಿ ಉಜ್ಜಿ ತೊಳೆದು, ನಮ್ಮ ಕರಾವಳಿಯ ಊರಿನಲ್ಲಿ ಮೀನು ಒಣಗಿಸುವ ಹಾಗೆ ತಾರಸಿಯಲ್ಲಿ ಹರವಿಟ್ಟರು. ಕಡಲ ಬದಿಯ ನಮಗೆ ನಾತಕ್ಕೆ ಬಿಸಿಲೇ ಮದ್ದು. ಆದರೆ ಅದು ದೋಹಾದ ಬಿಸಿಲು, ಊರಿನದಲ್ಲ. ಸಂಜೆಗೆ ಬೂಟು ಕಟ್ಟಿಗೆಯ ಹಾಗೆ ಸೆಟೆದು ಕುಗ್ಗಿತ್ತು. ಬಾಪನ ಕಾಲು ಒಳಗೆ ಹೋಗಲಿಲ್ಲ.

ನನ್ನ ಕಾಲು ಹೋಯಿತು.

"ಬೂಟಿಗೆ ನಿನ್ನ ಮೇಲೆ ಮನಸ್ಸಾಯ್ತು. ಇಟ್ಕೊ" ಅಂದರು ಬಾಪ. ನಾನು ಸಿಮೆಂಟಿನ ನೆಲದ ಮೇಲೆ ಟಕ್ ಟಕ್ ಎಂದು ಕುಣಿದೆ. ಉಮ್ಮ ಗೋಡೆಗೆ ಮುಖ ಮಾಡಿ ಕೂತಿದ್ದರು. ಮರುದಿನ ಬಾಪ ಕಾಲಿಗೆ ಪ್ಲಾಸ್ಟಿಕ್ ಚೀಲ ಸುತ್ತಿ, ರಬ್ಬರ್ ಬೂಟು ಹಾಕಿಕೊಂಡು ಕೆಲಸಕ್ಕೆ ಹೋದರು. ನಾನು ಅದನ್ನು ನೋಡಿದೆ, ನೋಡಿಯೂ ಕುಣಿದೆ.

ಬೇಸಿಗೆ ಮುಗಿಯುವ ಮೊದಲೇ ಸ್ಟೋರಿನ ಚಳಿಗೆ ಅವರ ಎಡಗಾಲಿನ ಬೆರಳುಗಳು ಕಪ್ಪಾದವು. ಎರಡನ್ನು ಆಸ್ಪತ್ರೆಯಲ್ಲಿ ತೆಗೆದರು. "ಉಗುರು ತೆಗೆಯುವ ಕೆಲಸ ಕಮ್ಮಿ ಆಯ್ತು" ಅಂದರು ಬಾಪ. ನಾನು ನಕ್ಕೆ. ಉಮ್ಮ ನಗಲಿಲ್ಲ.

ಇದನ್ನೆಲ್ಲ ನನ್ನಿಂದ ಕೇಳಿ ಸನಾ ಈಗ ಫೋನಿನಲ್ಲಿ ಓದಿ ಹೇಳಿದಳು. ಸಾವಿರಾರು ವರ್ಷದಿಂದ ಅಲ್ಲಿಯ ಹೆಂಗಸರು ಆ ಚರ್ಮವನ್ನು ಹಲ್ಲಿನಲ್ಲಿ ಅಗಿದು ಅಗಿದು ಮೆತ್ತಗೆ ಮಾಡುತ್ತಿದ್ದರಂತೆ, ನೀರು ಇಳಿಯದ ಹಾಗೆ ಪ್ರಾಣಿಯ ನರದಲ್ಲಿ ಹೊಲಿಯುತ್ತಿದ್ದರಂತೆ. ಬೂಟು ಒದ್ದೆಯಾದರೆ ತಣ್ಣಗಿನ ಗಾಳಿಗೆ ನಿಧಾನ ಒಣಗಿಸಬೇಕಂತೆ. ಯಾವುದೋ ತಾಯಿ ಹಲ್ಲು ಸವೆಸಿ ಮಾಡಿದ್ದನ್ನು ಒಂದು ಮಧ್ಯಾಹ್ನದ ಬಿಸಿಲು ತಿಂದು ಹಾಕಿತ್ತು.

"ನೀವು ಸ್ಮಾಲ್ ಇದ್ರಿ ಅಜ್ಜೀ. ನಿಮ್ಮ ಮಿಸ್ಟೇಕ್ ಅಲ್ಲ."

"ಸಣ್ಣವಳೇ. ಆದ್ರೆ ನನ್ನ ಕಾಲು ಬೆಚ್ಚಗಿತ್ತಲ್ಲ ಮಗಾ."

ದೊಡ್ಡ ಹಡಗುಗಳು ಈಗ ಹೊಸ ಹಮದ್ ಬಂದರಿಗೆ ಹೋಗುತ್ತವೆ. ಆ ಕೋಲ್ಡ್ ಸ್ಟೋರಿಲ್ಲ, ಬಾಪನಿಲ್ಲ, ಉಮ್ಮನಿಲ್ಲ. ಎರಡೂ ಕಾಲು ಸಮ ಊರಿ ಬಾಪ ನಡೆಯುತ್ತಿದ್ದ ಸದ್ದು ಹೇಗಿತ್ತೆಂದು ಕಿವಿಗೊಟ್ಟರೆ, ನನ್ನ ಟಕ್ ಟಕ್ ಮಾತ್ರ ಕೇಳುತ್ತದೆ.

ಸಂಜೆ ಸೊಸೆ ಅಕ್ಕಿರೊಟ್ಟಿ, ಕೋಳಿ ಸಾರು ಮಾಡಿದ್ದಳು. ನೆಲಕ್ಕೆ ಹಾಳೆ ಹಾಸಿ ಎಲ್ಲರೂ ಸುತ್ತ ಕೂತರು. "ಯಲ್ಲಾ ಉಮ್ಮ, ಬನ್ನಿ, ತಣ್ಣಗಾಗ್ತದೆ" ಎಂದು ಮಗ ನನ್ನನ್ನು ಕರೆದ. ಬಂದ ಖುಷಿಯನ್ನು ಬೇಡ ಎನ್ನಲು ನನಗೆ ಆಗಲೂ ಬರಲಿಲ್ಲ, ಈಗಲೂ ಬರುವುದಿಲ್ಲ. ಸನಾಳ ಪಕ್ಕದಲ್ಲಿ ಕೂತೆ. ಎಲ್ಲರೂ ಒಟ್ಟಿಗೆ ಉಂಡೆವು.