ಬೆಟ್ಟಸೀಮೆಯಲ್ಲೊಂದು ಕೋಳಿ ಶೆಡ್ಡು

ಆ ಮಧ್ಯಾಹ್ನ ಹಟ್ಟಿಯ ಕಟ್ಟೆಯ ಮೇಲೆ ಯಾರ್ಯಾರು ಇದ್ದರು, ಯಾವ ಮಾತನ್ನು ಯಾರು ಆಡಿದರು ಎಂಬುದು ನನಗೆ ಈಗ ಖಚಿತವಿಲ್ಲ. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ ಎಂದು ನನ್ನ ನೆನಪು. ನಾನೇ ಎಲ್ಲರಿಗಿಂತ ಹೆಚ್ಚು ಮಾತಾಡಿದೆ ಎಂದು ಗೆಳೆಯನ ನೆನಪು. ವರ್ಷವನ್ನೂ ಖಂಡಿತವಾಗಿ ಹೇಳಲಾರೆ, ತೊಂಬತ್ತರ ದಶಕದ ಕೊನೆಯ ಭಾಗ ಅನ್ನಬಹುದು. ಶೇಂಗಾ ಕಿತ್ತು ಮುಗಿದಿತ್ತು, ಚಳ್ಳಕೆರೆಯ ಎಣ್ಣೆ ಮಿಲ್ಲುಗಳು ಹಗಲೂ ರಾತ್ರಿ ಓಡುತ್ತಿದ್ದವು ಎಂಬುದರಲ್ಲಿ ಮಾತ್ರ ನಮ್ಮಿಬ್ಬರಿಗೂ ಜಗಳವಿಲ್ಲ.

ಗೆಳೆಯ ನನ್ನ ಜೊತೆ ಚಳ್ಳಕೆರೆಯಲ್ಲಿ ಹೈಸ್ಕೂಲು ಓದಿದವನು. ಅವನ ಮನೆಯಲ್ಲಿ ಉರ್ದು, ಬೀದಿಗೆ ಬಂದರೆ ನಮ್ಮೆಲ್ಲರಿಗಿಂತ ಚುರುಕು ಕನ್ನಡ. ಅಣ್ಣನದು ಟ್ರ್ಯಾಕ್ಟರ್ ರಿಪೇರಿಯ ಗ್ಯಾರೇಜು, ಇವನು ಅದರಲ್ಲಿ ಕೈಯಾಳು. ಮದುವೆ ಗೊತ್ತಾಗಿತ್ತು. ಅಷ್ಟರೊಳಗೆ ತನ್ನದೇ ಆದ ಒಂದು ಕೆಲಸ ಶುರುವಾಗಬೇಕು, ಅಣ್ಣನ ಕೈಕೆಳಗಿನವನಾಗಿ ಮದುವೆಯ ಹಾರ ಹಾಕಿಸಿಕೊಳ್ಳಬಾರದು ಎಂಬುದು ಅವನ ಹಠ. "ಇನ್ನೊಂದು ವರ್ಷ ಅಣ್ಣನ್ ಮುಂದೆ ಸ್ಪ್ಯಾನರ್ ಹಿಡ್ಕೊಂಡು ನಿಂತ್ರೆ, ಸಂಜೆ ನನ್ನೂ ಟೂಲ್ ಡಬ್ಬಿಗೆ ಹಾಕಿ ಬೀಗ ಹಾಕ್ತಾನೆ ಕಣಲೇ," ಎನ್ನುತ್ತಿದ್ದ.

ಹುಡುಕಿಕೊಂಡ ಕೆಲಸ ಬ್ರಾಯ್ಲರ್ ಕೋಳಿ ಸಾಕಣೆ. ಮರಿ, ಆಹಾರ, ಔಷಧಿ ಎಲ್ಲ ಕಂಪನಿಯವರೇ ಕೊಡುತ್ತಾರೆ. ಶೆಡ್ಡು ನಮ್ಮದು, ದುಡಿಮೆ ನಮ್ಮದು. ಬಿ.ಜಿ. ಕೆರೆ ದಾಟಿ ಮೊಳಕಾಲ್ಮೂರಿನ ಕಡೆ, ಗುಡ್ಡದ ಬುಡದಲ್ಲಿ ಒಂದು ಹೊಲವನ್ನು ಗುತ್ತಿಗೆಗೆ ನೋಡಿದ್ದ. ಕೊಳವೆಬಾವಿ ಇತ್ತು, ಕರೆಂಟು ಕಂಬ ಹತ್ತಿರದಲ್ಲಿತ್ತು, ಹೊಲದವನು ಒಪ್ಪಿದ್ದ. ಒಪ್ಪದಿದ್ದವರು ಹಳ್ಳದ ಆಚೆಯ ಹಟ್ಟಿಯವರು.

ಅದು ದನಗಾಹಿ ಸಮುದಾಯದ ಮ್ಯಾಸನಾಯಕರ ಹಟ್ಟಿ. ಅವರಲ್ಲಿ ಕೋಳಿ ಸಾಕುವುದಿಲ್ಲ, ತಿನ್ನುವುದೂ ಇಲ್ಲ. ಹಟ್ಟಿಗೆ ದೇವರ ಎತ್ತುಗಳ ಹಿಂಡೊಂದಿದೆ. ಅವನ್ನು ಯಾರೂ ಹೂಡುವುದಿಲ್ಲ, ಮಾರುವುದಿಲ್ಲ. ಕಿಲಾರಿ ಎಂದು ಕರೆಯುವ ಒಬ್ಬ ಕಾವಲುಗಾರ ವರ್ಷವಿಡೀ ಅವುಗಳ ಹಿಂದೆ ತಿರುಗುತ್ತಾನೆ. ಆ ಹಿಂಡು ತಂಗುವ ಕಡೆ ಕೋಳಿಯ ಗರಿಯೂ ಬೀಳಬಾರದು. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಸಂಗತಿ, ಗೆಳೆಯನಿಗೂ ಗೊತ್ತಿತ್ತು. ಹಟ್ಟಿ ಹಳ್ಳದ ಆಚೆ, ಹೊಲ ಹಳ್ಳದ ಈಚೆ, ಹಾಗಾಗಿ ತೊಂದರೆಯಿಲ್ಲ ಎಂದುಕೊಂಡಿದ್ದ. ಮಾತಾಡಿ ಬಗೆಹರಿಸಲು ಹೊರಟಾಗ ನನ್ನನ್ನೂ ಸ್ಕೂಟರಿನ ಹಿಂದೆ ಕೂರಿಸಿಕೊಂಡ.

ನಾನು ಆಗ ಇತಿಹಾಸದಲ್ಲಿ ಎಂ.ಎ. ಮುಗಿಸಿ ಬಂದು ಮನೆಯಲ್ಲಿದ್ದೆ. ಈ ಬೆಟ್ಟಸೀಮೆಯ ಸಂಸ್ಕೃತಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದರ ಮೇಲೆ ಪ್ರಬಂಧ ಬರೆಯುವ ಯೋಚನೆ ಇತ್ತು. ಒಂದು ನಕ್ಷೆ ತಂದು ಬ್ರಹ್ಮಗಿರಿಯಿಂದ ಶುರುಮಾಡಿ ಪೆನ್ಸಿಲಿನಲ್ಲಿ ಗೆರೆ ಎಳೆಯುವುದು, ಅಳಿಸುವುದು. ಬಂಡೆ ಮುಗಿಯುವ ಕಡೆ ಎಳೆದರೆ ಭಾಷೆ ಆಚೆಗೂ ಹೋಗುತ್ತದೆ. ಭಾಷೆಯನ್ನು ಹಿಡಿದರೆ ಆಂಧ್ರದ ಗಡಿ ಅಡ್ಡ ಬರುತ್ತದೆ. ದೇವರನ್ನು ಹಿಡಿದರೆ ಗಡಿಯೇ ಇಲ್ಲ. ಒಟ್ಟಿನಲ್ಲಿ ನಕ್ಷೆಯ ಕಾಗದ ಸವೆದಿತ್ತು.

ಕಟ್ಟೆಯ ಮೇಲೆ ಹಟ್ಟಿಯ ಹಿರಿಯರೊಬ್ಬರು ಮಾತು ತೆಗೆದರು. "ಸಾಬ್ರೇ, ನಿಮ್ ಮ್ಯಾಲೆ ನಮ್ಗೆ ಸಿಟ್ಟಿಲ್ಲ. ಟ್ರ್ಯಾಕ್ಟ್ರು ಕೆಟ್ರೆ ನಿಮ್ಮಣ್ಣನ ಹತ್ರಾನೇ ಬರ್ತೀವಿ. ಆದ್ರೆ ಈ ಗುಡ್ಡದ ಸೀಮೇಲಿ ಕೋಳಿ ಬ್ಯಾಡ."

"ಸೀಮೆ ಎಲ್ಲಿಗ್ ಮುಗೀತೈತೆ ಹೇಳ್ರಿ ಯಜಮಾನ್ರೇ. ಅದರಾಚೆ ಹೋಗ್ತೀನಿ," ಎಂದ ಗೆಳೆಯ.

ನನ್ನ ಪ್ರಬಂಧದ ಪ್ರಶ್ನೆಯನ್ನು ಅವನು ಎಷ್ಟು ಸಲೀಸಾಗಿ ಕೇಳಿಬಿಟ್ಟ ಎಂದು ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

"ಹಳ್ಳಕ್ಕೆ ಮುಗೀತೈತೆ," ಎಂದ ಹೊಲದವನು. ಅವನು ಹಳ್ಳದ ಈಚೆಯ ಊರಿನವನು, ಬೇರೆ ಜಾತಿಯವನು. ತಾಯಿಯನ್ನೂ ಕರೆದುಕೊಂಡು ಬಂದಿದ್ದ.

"ಯಾವ್ ಹಳ್ಳ? ಹೋದ್ ಮಳೆಗಾಲದಾಗೆ ಹಳ್ಳ ನಿನ್ ಹೊಲದಾಗೇ ಹರೀತಲ್ಲ," ಎಂದ ಹಟ್ಟಿಯವನೊಬ್ಬ.

ಎಲ್ಲರೂ ನಕ್ಕರು. ಇನ್ನೊಬ್ಬ, ತೆಲುಗು ಮನೆಮಾತಾಗಿರುವ ಕಡೆಯವರೆಗೆ ಬೆಟ್ಟಸೀಮೆ ಎಂದ. ಪಕ್ಕದವನು ಬಿಡಲಿಲ್ಲ.

"ಹಂಗಾದ್ರೆ ತೆಲುಗು ಮಾತಾಡೋ ನಿನ್ ಹೆಂಡ್ತಿ ಒಳಗಿನೋಳು, ನೀನು ಹೊರಗಿನೋನು. ಒಂದೇ ಮನೇಲಿ ಹೆಂಗಿದೀಯಪ್ಪ?"

"ಅದಕ್ಕೇ ನಾನು ಮನೇಲಿ ಮಾತಾಡಲ್ಲ."

ಚಳ್ಳಕೆರೆಯ ಮಂಡಿಯಲ್ಲಿ ಹಮಾಲಿ ಮಾಡುವ ಹಟ್ಟಿಯ ಯುವಕನೊಬ್ಬ, "ಬಸ್ ಸ್ಟ್ಯಾಂಡ್ ಇಳಿದ್ರೆ ಸೀಮೆ ಮುಗೀತು ಬಿಡ್ರಿ. ಅಲ್ಲಿ ಬಿರಿಯಾನಿ ಹೋಟ್ಲಾಗೆ ನಮ್ಮೋರು..." ಎಂದು ಶುರುಮಾಡಿ, ಹಿರಿಯರ ಮುಖ ನೋಡಿ, "ನಾನಂತೂ ಕುರೀದೇ ತಿನ್ನೋದು," ಎಂದು ಮುಗಿಸಿದ.

ಆಮೇಲೆ ಯಾರೋ ನನ್ನ ಕಡೆ ತಿರುಗಿ, "ನೀವು ಓದಿದೋರು, ನೀವ್ ಹೇಳ್ರಿ," ಎಂದರು. ಇಲ್ಲಿಂದ ನನ್ನ ನೆನಪು ಮಸುಕು. ಇಂಥ ಗೆರೆಗಳು ನೆಲದ ಮೇಲೆ ಇರುವುದಿಲ್ಲ ಎಂಬಂಥ ಒಂದೆರಡು ಮಾತು ಆಡಿದ್ದಿರಬಹುದು. ಗೆಳೆಯನ ಪ್ರಕಾರ ನಾನು ಬ್ರಹ್ಮಗಿರಿಯ ಅಶೋಕನ ಶಾಸನದಿಂದ ಹಿಡಿದು ರಾಜ್ಯಗಳ ಮರುವಿಂಗಡಣೆಯವರೆಗೂ ಹೇಳಿದೆ, ನಡುವೆ ಇಬ್ಬರು ಬೀಡಿ ಸೇದಲು ಎದ್ದುಹೋದರು. ಅವನು ಕಥೆ ಕಟ್ಟುವುದರಲ್ಲಿ ಗಟ್ಟಿಗ. ಆದರೂ ಬೀಡಿಯ ವಿಷಯ ನಿಜವಿರಬೇಕು ಅನ್ನಿಸುತ್ತದೆ.

ಗೆಳೆಯ ತನ್ನ ಕೊನೆಯ ಅಸ್ತ್ರ ತೆಗೆದ. ಬ್ರಾಯ್ಲರ್ ಕೋಳಿ ಕೂಗುವುದಿಲ್ಲ. ಕೂಗುವಷ್ಟು ದೊಡ್ಡದಾಗುವುದರೊಳಗೆ ಲಾರಿ ಹತ್ತಿರುತ್ತದೆ.

ಕಟ್ಟೆ ಇದನ್ನು ಗಂಭೀರವಾಗಿ ತೆಗೆದುಕೊಂಡಿತು. ಕೂಗದಿದ್ದರೆ ಅದು ಕೋಳಿಯೇ ಎಂಬುದರ ಮೇಲೆ ಬಹಳ ಹೊತ್ತು ಚರ್ಚೆಯಾಯಿತು. ಕೆದಕುತ್ತದೆಯೇ ಎಂದು ಒಬ್ಬರು ಕೇಳಿದರು. ಕೆದಕಲು ಮಣ್ಣೇ ಇರುವುದಿಲ್ಲ, ಕೆಳಗೆ ಭತ್ತದ ಹೊಟ್ಟು ಹಾಸಿರುತ್ತೇವೆ ಎಂದ ಗೆಳೆಯ. ಹಾರುತ್ತದೆಯೇ? ಇಲ್ಲ. ಊರೂರು ತಿರುಗುತ್ತದೆಯೇ? ಇಲ್ಲ, ಹುಟ್ಟಿದ್ದೇ ಒಳಗೆ, ಇರುವುದೂ ಒಳಗೆ. "ಪಾಪ," ಎಂದರು ಹಿರಿಯರು. ಅವರು ಸ್ವಲ್ಪ ಸಡಿಲವಾದಂತೆ ನನಗೆ ಕಂಡಿತು. ಹೊಲದವನು ಅದೇ ಸಮಯ ನೋಡಿ, "ಒಟ್ನಲ್ಲಿ ನನ್ ಹೊಲ ಊರಿನ ಕಡೇದು. ಗುಡ್ಡಕ್ಕೂ ಅದಕ್ಕೂ ಸಂಬಂಧ ಇಲ್ಲ," ಎಂದ.

ಅಲ್ಲಿಯವರೆಗೆ ಸುಮ್ಮನೆ ಕೂತಿದ್ದ ಅವನ ತಾಯಿ ಆಗ ಬಾಯಿ ಬಿಟ್ಟಳು. "ಏಮಪ್ಪಾ, ಹೋದ್ ವರ್ಷ ದೇವ್ರ ಎತ್ತು ನಮ್ ಹೊಲದಾಗೆ ನಿಲ್ಲಿಸ್ಕೊಂಡೋನು ನೀನೇ ಅಲ್ವಾ? ಅದರ ಹಿಂದಿನ್ ವರ್ಷಾನೂ? ಗೊಬ್ರ ಬೇಕಾದಾಗ ಹೊಲ ಗುಡ್ಡದ್ದು, ಕೋಳಿಗ್ ಕೊಡೋವಾಗ ಊರಿಂದಾ?"

"ಅವ್ವಾ, ಸುಮ್ನಿರವ್ವ."

ಅವನು ಮಾಡಿದ್ದರಲ್ಲಿ ಹೊಸದೇನಿಲ್ಲ. ಶೇಂಗಾ ಕಿತ್ತ ಮೇಲೆ ಹಿಂಡನ್ನು ಹೊಲದಲ್ಲಿ ತಂಗಿಸುವುದು ನಮ್ಮ ಕಡೆಯ ಪದ್ಧತಿ. ಕಿಲಾರಿ ಮುಳ್ಳು ಕಡಿದು ಸುತ್ತ ಬೇಲಿ ಹಾಕುತ್ತಾನೆ, ಎತ್ತುಗಳು ಕೆಲವು ದಿನ ಅಲ್ಲಿ ಮಲಗಿ ಏಳುತ್ತವೆ, ಸಗಣಿ ಗಂಜಲ ಹೊಲಕ್ಕೆ ಬೀಳುತ್ತದೆ. ದೇವರ ಎತ್ತಾದರೆ ಗೊಬ್ಬರದ ಜೊತೆ ಪುಣ್ಯವೂ ಬಂತು. ತಾನೇ ಕರೆದು ತಂಗಿಸಿಕೊಂಡಿದ್ದನ್ನು ಆ ಮನುಷ್ಯ ಮುಚ್ಚಿಡಬೇಕೆಂದೇನೂ ಇರಲಿಲ್ಲ. ಅದು ಈ ಲೆಕ್ಕಕ್ಕೆ ಬರುತ್ತದೆ ಎಂದು ಅವನಿಗೆ ಹೊಳೆದಿರಲಿಲ್ಲ, ಅಷ್ಟೇ.

ಹಿರಿಯರು ತೀರ್ಪು ಕೊಡಲಿಲ್ಲ. "ಹೊಲ ನಿಂದು. ಕೋಳಿ ಹಾಕಿದ್ರೆ ನಾವೇನೂ ಕಲ್ಲು ಹೊಡಿಯಲ್ಲ. ಎತ್ತು ಮಾತ್ರ ಇನ್ನು ಅಲ್ಲಿಗೆ ಬರಲ್ಲ," ಎಂದರು.

"ಎರಡೂ ಆಗಲ್ವಾ? ಎತ್ತು ಬಂದಾಗ ಕೋಳಿ ಬ್ಯಾರೆ ಕಡೆ..."

"ಕೋಳಿಗೆ ರಜಾ ಕೊಡ್ತೀಯಾ?"

ಹೊಲದವನು ತಾಯಿಯ ಮುಖ, ಗೆಳೆಯನ ಮುಖ, ನೆಲ, ಮೂರನ್ನೂ ನೋಡಿದ. ಅವನು ಏನು ಹೇಳುತ್ತಿದ್ದನೋ. ಅಷ್ಟರಲ್ಲಿ ಗೆಳೆಯನೇ, "ಆ ಹೊಲ ಬ್ಯಾಡ ಬಿಡ್ರಿ," ಎಂದ. ಚಹಾ ಬಂತು, ಕುಡಿದೆವು.

ವಾಪಸ್ ಬರುವಾಗ ದಾರಿಯುದ್ದಕ್ಕೂ ನಾನು ವಾದ ಮಾಡಿದೆ. ಇದು ನನಗೆ ಚೆನ್ನಾಗಿ ನೆನಪಿದೆ. ಗಡಿ ಎಲ್ಲಿದೆ ಎಂಬುದರಲ್ಲಿ ಅವರಲ್ಲೇ ಒಮ್ಮತವಿಲ್ಲ, ಅಂಥದ್ದಕ್ಕೆ ಹೆದರಿ ನೀನು ಸಿಕ್ಕ ಜಾಗ ಬಿಟ್ಟೆ ಎಂದೆ. ಅವನು ಬಿ.ಜಿ. ಕೆರೆಯ ಹತ್ತಿರ ಸ್ಕೂಟರ್ ನಿಲ್ಲಿಸಿದ.

"ಗೆರೆ ಎಲ್ಲೈತೆ ಅಂತ ಅವ್ರಿಗೂ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ. ದಿನಾ ಹೋಗಿ ಅಲ್ಲಿ ನಿಲ್ಲೋನು ನಾನು. ನಮ್ ಓಣಿ ಅಂಚಿಗೆ ಯಾರೋ ಬಂದು ಹಂದಿ ಸಾಕ್ತೀನಿ ಅಂದ್ರೆ ನಮ್ ಅಬ್ಬಾ ನಕ್ಷೆ ತೆಗೆದು ನೋಡ್ತಾರೇನಲೇ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಕಿಕ್ ಹೊಡೆದಾಗಿತ್ತು.

ಅವನು ಅಣ್ಣನ ಗ್ಯಾರೇಜಿನ ಕೈಯಾಳಾಗಿಯೇ ಮದುವೆಯಾದ. ಮರುವರ್ಷವೋ ಅದರ ಮುಂದಿನ ವರ್ಷವೋ, ಬಿ.ಜಿ. ಕೆರೆಗಿಂತ ಈಚೆ, ಚಳ್ಳಕೆರೆಯ ರಸ್ತೆಯ ಬದಿಗೇ ಒಂದು ಜಾಗ ಸಿಕ್ಕಿತು. ಹಟ್ಟಿ ಅಲ್ಲಿಂದ ಬಹಳ ದೂರ. ಶೆಡ್ಡು ಎದ್ದಿತು, ಮರಿ ಬಂದವು. ನನಗೆ ಬೇರೆ ಜಿಲ್ಲೆಯ ಕಾಲೇಜಿನಲ್ಲಿ ಕೆಲಸವಾಯಿತು. ಪ್ರಬಂಧದ ವಿಷಯ ಬದಲಾಯಿಸಿದೆ.

ಒಮ್ಮೆ ರಜಕ್ಕೆ ಬಂದಾಗ ಗೆಳೆಯ ಹೇಳಿದ: ದೇವರ ಎತ್ತುಗಳು ಮೇವು ಹುಡುಕಿಕೊಂಡು ಈ ರಸ್ತೆಗೂ ಬಂದವಂತೆ. ದೂರದಿಂದ ಹಿಂಡನ್ನು ಕಂಡು ಇವನು ಓಡಿಹೋಗಿ ಶೆಡ್ಡಿನ ಬಾಗಿಲು ಹಾಕಿದನಂತೆ. ಇಲ್ಲಿಂದಲೂ ಎದ್ದು ಹೋಗು ಅಂದರೆ ಮತ್ತೆ ಅಣ್ಣನ ಡಬ್ಬಿಗೇ ಹೋಗಬೇಕು. ಕಿಲಾರಿ ಏನೂ ಅನ್ನಲಿಲ್ಲ. ರಸ್ತೆ ಬಿಟ್ಟು, ಹೊಲಗಳ ನಡುವೆ ಸುತ್ತು ಹಾಕಿಸಿಕೊಂಡು ಹಿಂಡನ್ನು ದಾಟಿಸಿದ, ದೂರದಿಂದಲೇ ಕೈ ಎತ್ತಿದ. ಆಮೇಲೆ ಬಂದಾಗಲೆಲ್ಲ ಹಾಗೇ ಮಾಡುತ್ತಾನಂತೆ.

ನಾನು ನಂಬಲಿಲ್ಲ. ಕಿಲಾರಿ ಕೈ ಎತ್ತಿದ್ದು ಇನ್ನೊಮ್ಮೆ ಹೇಳುವಾಗ ನಮಸ್ಕಾರವಾಗಿತ್ತು, ಮತ್ತೊಮ್ಮೆ ಹೇಳುವಾಗ ಅವನು ನೀರು ಕೇಳಿ ಕುಡಿದೂ ಹೋಗಿದ್ದ.

ಕೆಲವು ವರ್ಷಗಳ ನಂತರ ಮೊಳಕಾಲ್ಮೂರಿನಿಂದ ಬರುತ್ತಾ, ಗೆಳೆಯ ಊರಿನಲ್ಲಿಲ್ಲದ ದಿನವೇ, ಶೆಡ್ಡು ಬರುವುದಕ್ಕೆ ಮೊದಲೇ ಬಸ್ ಇಳಿದೆ. ಕೈ ಎತ್ತಿದ್ದು, ನೀರು ಕುಡಿದದ್ದು ಇವನ್ನೆಲ್ಲ ಪರೀಕ್ಷಿಸಲು ದಾರಿಯಿಲ್ಲ, ಸುತ್ತು ಹಾಕಿದ್ದನ್ನು ಮಾತ್ರ ನೋಡಬಹುದಿತ್ತು. ಶೆಡ್ಡು ಇನ್ನೂ ದೂರವಿರುವಾಗಲೇ ಗೊರಸಿನಿಂದ ಸವೆದ ಒಂದು ದಾರಿ ರಸ್ತೆಯಿಂದ ಎಡಕ್ಕೆ ಇಳಿದಿತ್ತು. ಅದರಲ್ಲೇ ನಡೆದೆ. ಅದು ಶೆಡ್ಡನ್ನು ದೂರದಿಂದ ಬಳಸಿ, ಆಚೆ ಹುಣಸೆಮರದ ಹತ್ತಿರ ಮತ್ತೆ ರಸ್ತೆಗೆ ಬಂದು ಸೇರಿತು. ಉದ್ದಕ್ಕೂ ಸಗಣಿ ಬಿದ್ದಿತ್ತು, ಕೆಲವು ಕಡೆ ಇನ್ನೂ ಒಣಗಿರಲಿಲ್ಲ. ಎರಡೂ ಬದಿಯ ಹೊಲಗಳಲ್ಲಿ ಬಿತ್ತನೆಯಾಗಿತ್ತು. ಆ ಹೊಲದವರು ಹಿಂಡು ಹೋಗುವಷ್ಟು ಅಗಲದ ಪಟ್ಟಿಯನ್ನು ಉಳದೆ ಬಿಟ್ಟಿದ್ದರು.