ತುರಟಿ ಹಾಕಿದ ನೀರು

ರೊಟ್ಟಿ ಬಡಿಯುತ್ತಿದ್ದೆ. ಹಿತ್ತಲಿನಿಂದ ಅತ್ತೆಯ ದನಿ ಬಂತು. "ಏ ಸಣ್ಣಾಕಿ, ನಿನ್ನ ಮೀನ ಎಲ್ಲಾ ಮ್ಯಾಲ ಬಂದು ಬಾಯಿ ಬಾಯಿ ತಗಿಯಾಕತ್ತಾವ, ನೋಡ ಬಾ." ರೊಟ್ಟಿಯ ಒಲೆ, ಬೇಳೆಯ ಕುಕ್ಕರಿನ ಒಲೆ ಎರಡನ್ನೂ ಆರಿಸಿ ಹಿಟ್ಟಿನ ಕೈಯಲ್ಲೇ ಓಡಿದೆ.

ಸದಲಗಾದ ನಮ್ಮ ಮನೆ ಲಿಂಗ ಕಟ್ಟಿದವರ ಮನೆ. ಮೊಟ್ಟೆ ಕೂಡ ಒಳಗೆ ಬರುವುದಿಲ್ಲ. ಅಂಥ ಮನೆಯ ಹಿತ್ತಲಿನ ಸಿಮೆಂಟು ತೊಟ್ಟಿಯಲ್ಲಿ ನಾನು ಹನ್ನೆರಡು ಬಂಗಾರ ಬಣ್ಣದ ಮೀನು ಸಾಕಿದ್ದೆ, ತಿನ್ನಲಿಕ್ಕಲ್ಲ, ಸೊಪ್ಪಿಗಾಗಿ. ಮೀನಿನ ಹೊಲಸು ಸೇರಿದ ನೀರನ್ನು ಸಣ್ಣ ಮೋಟಾರು ಮೇಲಿನ ಜಲ್ಲಿಕಲ್ಲಿನ ಟ್ರೇಗೆ ಎತ್ತುತ್ತದೆ. ಕಲ್ಲಿನ ಸಂದಿಯಲ್ಲಿರುವ ಕಣ್ಣಿಗೆ ಕಾಣದ ಜೀವಿಗಳು ಆ ಹೊಲಸನ್ನು ಗೊಬ್ಬರ ಮಾಡುತ್ತವೆ. ಪಾಲಕ, ಪುದೀನಾ ಅದನ್ನು ಹೀರುತ್ತವೆ, ನೀರು ತೊಟ್ಟಿಗೆ ಮರಳುತ್ತದೆ. ಮಣ್ಣೇ ಬೇಡ. ಇದನ್ನೆಲ್ಲ ಮೊಬೈಲಿನ ಮರಾಠಿ ವಿಡಿಯೋ ನೋಡಿ ಕಲಿತದ್ದು. ಆ ದೊಡ್ಡ ಮನೆಯಲ್ಲಿ ಯಾರನ್ನೂ ಕೇಳದೆ ನಾನು ಕೈ ಹಾಕಬಹುದಾದದ್ದು ಆ ತೊಟ್ಟಿ ಒಂದಕ್ಕೇ.

ಗಂಡನ ಅಣ್ಣ, ಮನೆಯ ಯಜಮಾನರು, ಒಂದು ಷರತ್ತಿನ ಮೇಲೆ ಒಪ್ಪಿದ್ದರು. "ನಮ್ಮ ಮನ್ಯಾಗ ಜೀವಹತ್ಯಾ ಆಗಬಾರದು. ಒಂದ ಮೀನ ಸತ್ತರೂ ತೊಟ್ಟಿಗಿ ಮಣ್ಣ ಹಾಕಸತೀನಿ." ಅವರ ಹೆಂಡತಿಗೆ ಮೊದಲಿನಿಂದಲೂ ಆ ಜಾಗದ ಮೇಲೆ ಕಣ್ಣು, ಬಟ್ಟೆ ಒಗೆಯುವ ಮಷೀನು ಇಡಲಿಕ್ಕೆ. ಬಾಯಲ್ಲಿ ಅಕ್ಕಾ ಎಂದು ಕರೆಯುತ್ತೇನೆ. ಇಲ್ಲಿ ಮಾತ್ರ ಅವಳು ಎಂದೇ ಬರೆಯುತ್ತೇನೆ.

ಮೊದಲ ವರ್ಷ ಬೋರಿನ ನೀರು ತುಂಬಿದ್ದೆ. ಪಾಲಕದ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯಿತು. ನಮ್ಮ ಬೋರಿನ ನೀರಿನಲ್ಲಿ ಸುಣ್ಣ ಜಾಸ್ತಿ. ಅಂಥ ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಅವಳಿಗೆ ಅದು ಹಬ್ಬವಾಗಿತ್ತು. "ನಿನ್ನ ಕೈಗುಣ ನೋಡವಾ, ಗಿಡಕ್ಕೂ ಹಳದಿ ಕಾಮಣಿ ಆಗೇತಿ." ಆಮೇಲೆ ನಳದ ಹೊಳೆನೀರನ್ನು ಒಂದು ದಿನ ತೆರೆದಿಟ್ಟು, ಬ್ಲೀಚಿಂಗ್ ಪೌಡರಿನ ವಾಸನೆ ಹೋದ ಮೇಲೆ ಹಾಕತೊಡಗಿದೆ. ಎಲೆ ಹಸಿರಾಯಿತು.

ಈಗ ತೊಟ್ಟಿಗೆ ಬಗ್ಗಿ ನೋಡಿದೆ. ಹಿಂದಿನ ದಿನ ಬೆಳಿಗ್ಗೆ ಚಹಾದ ಬಣ್ಣ ಇದ್ದ ನೀರು ತಳ ಕಾಣುವಷ್ಟು ತಿಳಿಯಾಗಿತ್ತು. ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದೆ, ಒಗರು. ಬಾಟಲಿಯಲ್ಲಿ ನೀರು ಹಿಡಿದು, ಹುಳಿ ತೋರಿಸುವ ಪರೀಕ್ಷೆಯ ಹನಿ ಬಿಟ್ಟೆ. ಹಸಿರಾಗಬೇಕಾದದ್ದು ಹಳದಿಯಾಯಿತು. ನೀರು ಹುಳಿಯಾಗಿತ್ತು.

"ತುರಟಿ ಯಾರ ಹಾಕ್ಯಾರ?" ಎಂದೆ. ಅತ್ತೆ ಮುಖ ತಿರುಗಿಸಿದರು.

ಅವಳೇ ಹೊರಗೆ ಬಂದಳು. "ನಾನ ಹಾಕೀನಿ. ನಿನ್ನೆ ಸಂಜಿಕ ನಿಪ್ಪಾಣಿಯಾವರು ನನ್ನ ಮಗಳನ್ನ ನೋಡಾಕ ಬಂದಾಗ ಅಂಥಾ ಹೊಲಸ ನೀರ ತೋರಸಬೇಕಿತ್ತೇನ? ಕನ್ನಡಿ ಆಗೇತಿ ಅಂತ ಹೊಗಳಿ ಹೋದ್ರು. ನಾವ ಕುಡಿಯು ನೀರಿಗೇ ಹಾಕತೀವಿ, ನಿನ್ನ ಮೀನಕ್ಕ ವಿಷ ಆತೇನ?"

ಮಳೆಗಾಲದಲ್ಲಿ ದೂಧಗಂಗೆ ಹೊಳೆ ಕೆಂಪಾಗಿ ಬಂದಾಗ ನಮ್ಮ ಕಡೆ ಎಲ್ಲ ಮನೆಗಳಲ್ಲೂ ಕೊಡದ ನೀರಿನಲ್ಲಿ ತುರಟಿಯ, ಅಂದರೆ ಪಟಿಕದ ಹರಳು ತಿರುಗಿಸುತ್ತಾರೆ. ಕೆಸರು ತಳಕ್ಕೆ ಕೂರುತ್ತದೆ. ಆದರೆ ಎರಡು ಸುತ್ತು ತಿರುಗಿಸಿ ಹರಳನ್ನು ತೆಗೆದಿಡುತ್ತಾರೆ. ಇವಳು ಇಡೀ ಗಟ್ಟಿಯನ್ನೇ ತೊಟ್ಟಿಗೆ ಎಸೆದು ಹೋಗಿದ್ದಳು. ಕೈ ಆಡಿಸಿದಾಗ ಹುಣಸೆ ಬೀಜದಷ್ಟು ಚೂರು ಸಿಕ್ಕಿತು. ಉಳಿದದ್ದೆಲ್ಲ ಕರಗಿ ನೀರು ಕೆಡಿಸಿ, ಮೀನುಗಳ ಕಿವಿರಿಗೆ ಲೋಳೆಯಾಗಿ ಅಂಟಿತ್ತು.

ಕರೆಂಟು ಇತ್ತು, ಶಿವನ ದಯೆ. ಬೋರು ಚಾಲೂ ಮಾಡಿದೆ. ಹುಳಿ ಮುರಿಯಲು ಆ ಸುಣ್ಣದ ನೀರೇ ಈಗ ಬೇಕಾಗಿತ್ತು. ಆದರೆ ಒಮ್ಮೆಗೇ ಸುರಿಯುವಂತಿಲ್ಲ. ಹುಳಿ ನೀರಿನಲ್ಲಿ ಮೀನಿನ ಹೊಲಸಿನ ಅಮೋನಿಯಾ ತೆಪ್ಪಗಿರುತ್ತದೆ, ಸುಣ್ಣ ಏರಿದ ಕೂಡಲೇ ವಿಷವಾಗಿ ಏಳುತ್ತದೆ. ಒಂದು ಕೊಡ ತೆಗೆದು ಒಂದು ಕೊಡ ಹಾಕಿದೆ. ತಡೆದು, ಹನಿ ಬಿಟ್ಟು ನೋಡಿ, ಮತ್ತೆ ಒಂದು ಕೊಡ.

"ಅಭಿಷೇಕ ನಡದೈತೇನ?" ಎಂದಳು ಬಾಗಿಲಲ್ಲಿ ನಿಂತು.

ಮತ್ತೊಂದು ಕೊಡ ಎತ್ತಿದೆ. ಬಾಯಿಗೆ ಬಂದದ್ದನ್ನು ನುಂಗಿದೆ, ಅದೂ ಶಿವನ ದಯೆಯೇ.

ಎಲ್ಲಕ್ಕಿಂತ ಚಿಕ್ಕ ಮೀನು ಹೊಟ್ಟೆ ಮೇಲಾಗಿ ತೇಲಿತು. ಅದೇ ಹೊತ್ತಿಗೆ ಪೂಜೆ ಮುಗಿಸಿದ ಭಾವನವರು ಹಣೆಯ ವಿಭೂತಿ ಆರುವ ಮುಂಚೆಯೇ ಹಿತ್ತಲಿಗೆ ಬಂದರು. "ಸತ್ತತೇನ?"

"ಸತ್ತತ್ರಿ."

"ಮಾತಂದ್ರ ಮಾತ. ಮಣ್ಣ ತರಸತೀನಿ."

ಎದ್ದು ನಿಂತೆ. ಸೆರಗು, ಕೈ, ಎಲ್ಲ ಒದ್ದೆ. "ತರಸ್ರಿ ಭಾವಾರ. ಇನ್ನ ಹನ್ನೊಂದ ಜೀವ ಅದಾವ, ಅವುಗಳ ಮ್ಯಾಲೇ ಹಾಕಸ್ರಿ. ಒಂದ ಹತ್ಯಾ ಅಕ್ಕಾರ ಕೈಲಿ ಆತು, ಉಳದ ಹನ್ನೊಂದು ನಿಮ್ಮ ಕೈಲಿ ಆಗಲಿ."

ಅವರು ತೊಟ್ಟಿ ನೋಡಿದರು, ಹೆಂಡತಿಯನ್ನು ನೋಡಿದರು. ತಿರುಗಿ ಒಳಗೆ ಹೋದರು.

"ನಾಲಗಿ ನೋಡ ಇಕೀದು," ಎಂದಳು ಅವಳು.

"ನಾಲಗಿ ನಂದ. ತುರಟಿ ನಿಮ್ದ."

ಹನಿ ಮತ್ತೆ ಹಸಿರಾಗುವ ಹೊತ್ತಿಗೆ ಬಿಸಿಲು ಗೋಡೆ ಇಳಿದಿತ್ತು. ಹನ್ನೊಂದೂ ನೀರಿನೊಳಗೆ ಇಳಿದಿದ್ದವು. ಮಣ್ಣು ಬರಲಿಲ್ಲ. ಹನ್ನೊಂದು ಉಳಿಸಿದ ಎಂದು ಶಿವನಿಗೆ ಕೈಮುಗಿದೆ. ಅವಳನ್ನು ಕ್ಷಮಿಸುವ ಬುದ್ಧಿಯನ್ನು ಅವನು ಕೊಡಲಿಲ್ಲ, ನಾನೂ ಬೇಡಲಿಲ್ಲ. ಸತ್ತದ್ದನ್ನು ತುಳಸಿ ಕಟ್ಟೆಯ ಆಚೆ ಹೂತು, ಕೈ ತೊಳೆದು ಒಳಗೆ ಹೋದೆ. ಬೇಳೆ ಬೆಂದಿರಲಿಲ್ಲ. ಕುಕ್ಕರ್ ಮತ್ತೆ ಒಲೆಯ ಮೇಲಿಟ್ಟು ಬೆಳ್ಳುಳ್ಳಿ ಸುಲಿಯಲು ಕೂತೆ.